ಅವಳು ಚುಕ್ಕಿಗಳನ್ನು ಕಲಿತ ಜಾಗ

ಯಾರಿಗೂ ಹೇಳಬೇಡಿ ಎಂದು ಒಬ್ಬ ಹುಡುಗಿ ನನ್ನ ಕೈ ಹಿಡಿದು ಬೇಡಿಕೊಂಡಿದ್ದ ಮಾತನ್ನು ನಾನು ಮೈಕಿನ ಮುಂದೆ ನಿಂತು ಕಿಕ್ಕಿರಿದ ಸಭೆಗೆ ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ. ಹೇಳಿದರೆ ಬಹುಮಾನ ನಮ್ಮ ಶಾಲೆಗೇ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಹದಿನೇಳು ವರ್ಷಗಳಿಂದ ಈ ಕೆಲಸಕ್ಕೆ ನಾನು ಏನೇನೋ ಹೆಸರು ಕೊಟ್ಟುಕೊಂಡು ಬಂದಿದ್ದೇನೆ — ಧೈರ್ಯ, ಕಾಳಜಿ, ಜಾಗೃತಿ. ಬೇರೆಯವರೂ ಅವೇ ಹೆಸರುಗಳಿಂದ ಹೊಗಳಿದ್ದಾರೆ. ನಾನು ತಲೆ ತಗ್ಗಿಸಿ, ಸಂಕೋಚ ಪಡುವವಳಂತೆ ನಟಿಸಿ, ಕೇಳಿಸಿಕೊಂಡಿದ್ದೇನೆ. ಅದು ದ್ರೋಹ. ಇದನ್ನು ಬರೆಯುವಾಗ ಪೆನ್ನು ಎರಡು ಕಡೆ ಕಾಗದವನ್ನು ಹರಿದಿದೆ — ಅಷ್ಟು ಸಿಟ್ಟು ನನ್ನ ಮೇಲೆ ನನಗೆ. ಓದುವವರು ದಯವಿಟ್ಟು ನನ್ನನ್ನು ಸಮಾಧಾನ ಮಾಡಲು ಬರಬೇಡಿ.

ನನ್ನ ಹೆಸರು ಗಿರಿಜಾ. ಮನೆ ಚಳ್ಳಕೆರೆ. ಗಂಡನ ಮನೆಯವರದು ಶೇಂಗಾ ಎಣ್ಣೆ ಮಿಲ್ಲು, ಒಂದಿಷ್ಟು ಹೊಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆಗಿದ್ದವಳು, ಈಗ ನಿವೃತ್ತಳು. ಆಗ ನನ್ನನ್ನು ಹಾಕಿದ್ದು ಮೊಳಕಾಲ್ಮೂರು ಕಡೆಯ ಒಂದು ಹಳ್ಳಿಗೆ. ಸೋಮವಾರ ಮುಂಜಾನೆಯ ಬಸ್ಸು ಹಿಡಿದರೆ ಶನಿವಾರ ಮಧ್ಯಾಹ್ನ ಮನೆಗೆ ಬರುತ್ತಿದ್ದೆ. ನಡುವೆ ಊರಲ್ಲೇ ಒಂದು ಬಾಡಿಗೆ ಕೋಣೆ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಹುಡುಗಿ ಯಾರೆಂದು ಒಂದು ಫೋನಿನಲ್ಲಿ ಗೊತ್ತಾಗುತ್ತದೆ. ಅವಳನ್ನು ಇಲ್ಲಿ ಓಬಮ್ಮ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ.

ಓಬಮ್ಮ ಒಂಬತ್ತನೇ ಕ್ಲಾಸಿನಲ್ಲಿದ್ದಳು. ಊರಿನಿಂದ ಎರಡು ಮೈಲಿ ಆಚೆ, ಗುಡ್ಡದ ಬುಡದಲ್ಲಿ, ಕುರಿ ಸಾಕುವವರ ಹಟ್ಟಿಯಿಂದ ನಡೆದು ಬರುತ್ತಿದ್ದಳು. ಕೊನೆಯ ಬೆಂಚು. ಕೇಳಿದರೆ ಮಾತ್ರ ಉತ್ತರ. ತಿಂಗಳಲ್ಲಿ ನಾಲ್ಕೈದು ದಿನ ಬರುತ್ತಲೇ ಇರಲಿಲ್ಲ; ನಾನು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು, ಅಪ್ಪನನ್ನು ಕರೆದುಕೊಂಡು ಬಾ ಎಂದು ಬೈಯುತ್ತಿದ್ದೆ. ಯಾಕೆ ಬರುವುದಿಲ್ಲ ಎಂದು ಒಂದು ಸಲವೂ ಪಕ್ಕಕ್ಕೆ ಕರೆದು ಕೇಳಲಿಲ್ಲ. ಹೆಂಗಸಾದ ನನಗೆ ತಿಂಗಳ ಲೆಕ್ಕ ಹೊಳೆಯಲಿಲ್ಲವೇ? ಹೊಳೆದಿರಬೇಕು. ಕೇಳದಿದ್ದರೆ ಏನೂ ಮಾಡಬೇಕಾಗಿಲ್ಲ, ಅಲ್ಲವೇ…

ಒಂದು ದಿನ ನಕ್ಷತ್ರಪುಂಜಗಳ ಪಾಠ. ಬೋರ್ಡಿನ ಮೇಲೆ ಮಹಾವ್ಯಾಧನನ್ನು ಬರೆದೆ. ಎರಡು ಭುಜ, ಎರಡು ಕಾಲು, ನಡುವಿಗೆ ಮೂರು ಚುಕ್ಕಿಯ ಪಟ್ಟಿ. ಪುಸ್ತಕದಲ್ಲಿದ್ದಂತೆ ನೆಟ್ಟಗೆ ನಿಂತ ಬೇಟೆಗಾರ. ಚಳಿಗಾಲದಲ್ಲಿ ಪೂರ್ವದಲ್ಲಿ ಹೀಗೆ ಹುಟ್ಟುತ್ತಾನೆ ಎಂದೆ. ಹಿಂದಿನ ಬೆಂಚಿನಿಂದ ದನಿ ಬಂತು.

"ಹಂಗ್ ಹುಟ್ಟಲ್ಲ ಮೇಡಂ ಅದು."

ಕ್ಲಾಸು ನಕ್ಕಿತು. ಓಬಮ್ಮ ಎದ್ದು ನಿಂತಿದ್ದಳು, ತನ್ನ ಬಾಯಿಯಿಂದ ಮಾತು ಬಂದದ್ದಕ್ಕೆ ತಾನೇ ಹೆದರಿದವಳಂತೆ.

"ಮತ್ತೆ ಹೆಂಗೆ ಹುಟ್ಟುತ್ತೆ? ಬಂದು ತೋರ್ಸು," ಎಂದೆ. ಅಣಕಿಸಿಯೇ ಹೇಳಿದ್ದು.

ಅವಳು ಬಂದು ಸೀಮೆಸುಣ್ಣ ತೆಗೆದುಕೊಂಡು ಮೂರು ಚುಕ್ಕಿ ಇಟ್ಟಳು — ಬಿಂದಿಗೆಯ ಮೇಲೆ ಬಿಂದಿಗೆ ಇಟ್ಟಹಾಗೆ, ಒಂದರ ಮೇಲೊಂದು. "ಹುಟ್ಟುವಾಗ ಮಗ್ಲಾಗಿ ಮಲಗಿರ್ತೈತೆ. ಇವು ಮೂರೂ ಹಿಂಗ್ ಏಳ್ತಾವೆ. ನೆತ್ತಿಗೆ ಬಂದ್ಮ್ಯಾಗೆ ಎದ್ ನಿಲ್ಲದು. ಮುಳುಗುವಾಗ ಮತ್ತೆ ಆಕಡಿಗೆ ಮಲಗ್ತೈತೆ."

ಸುಮ್ಮನೆ ಕೂರು ಎಂದೆ. ಅವತ್ತು ರಾತ್ರಿ ಕೋಣೆಯ ತಾರಸಿ ಹತ್ತಿ ಕಾದೆ. ಒಂಬತ್ತರ ಸುಮಾರಿಗೆ ಪೂರ್ವದ ಹೊಲಗಳ ಮೇಲೆ ಮೂರು ಚುಕ್ಕಿ ಎದ್ದವು. ಒಂದರ ಮೇಲೊಂದು. ಅವಳು ಬರೆದ ಹಾಗೇ.

ಎಂ.ಎಸ್ಸಿ. ಮಾಡಿದವಳು ನಾನು. ಹದಿನಾಲ್ಕು ವರ್ಷ ಆ ಪಾಠ ಮಾಡಿದ್ದೆ. ಅಲ್ಲಿಯವರೆಗೆ ಒಂದೇ ಒಂದು ರಾತ್ರಿ ತಲೆ ಎತ್ತಿ ನೋಡಿರಲಿಲ್ಲ. ಧ್ರುವ ನಕ್ಷತ್ರ ಯಾವುದು ಎಂದು ಮಕ್ಕಳು ಕೇಳಿದರೆ, ಆಕಾಶದಲ್ಲಿ ಎಲ್ಲಕ್ಕಿಂತ ಹೊಳೆಯುವುದೇ ಅದು ಎಂದು ಹೇಳಿ ಕಳಿಸುತ್ತಿದ್ದೆ. ಎಷ್ಟು ಮಕ್ಕಳು ಯಾವ ಯಾವುದಕ್ಕೋ ಧ್ರುವ ಎಂದುಕೊಂಡು ಬೆಳೆದರೋ.

ಮರುದಿನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ, ನನಗೆ ಹೇಳಿಕೊಡು ಎಂದೆ. ಮೊದಲು ನಂಬಲಿಲ್ಲ. ಆಮೇಲೆ, ಊರಲ್ಲಿದ್ದ ಅವಳ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಳ್ಳುವ ದಿನಗಳಲ್ಲಿ, ಊಟವಾದ ಮೇಲೆ ಚಿಕ್ಕಮ್ಮನ ಜೊತೆ ನನ್ನ ತಾರಸಿಗೆ ಬರತೊಡಗಿದಳು. ಚಿಕ್ಕಮ್ಮ ಗೋಡೆಗೊರಗಿ ತೂಕಡಿಸುತ್ತಿದ್ದಳು. ನಾನು ಪುಸ್ತಕದ ಹೆಸರು ಹೇಳುತ್ತಿದ್ದೆ, ಓಬಮ್ಮ ಅವಳ ಅಜ್ಜಿ ಹೇಳಿದ ಹೆಸರು ಹೇಳುತ್ತಿದ್ದಳು. ನನ್ನ ಮಹಾವ್ಯಾಧನ ನಡುಪಟ್ಟಿ ಅವಳಿಗೆ ಕೂರಿಗೆ — ಬಿತ್ತುವ ಕೂರಿಗೆಯ ಮೂರು ಕಾಲು. ಕೃತ್ತಿಕೆ ಅವಳಿಗೆ ಕೋಳಿಮರಿ. ಸಪ್ತರ್ಷಿಗಳು ಅವಳ ಲೆಕ್ಕದಲ್ಲಿ ಋಷಿಗಳೇ ಅಲ್ಲ. ನಾಲ್ಕು ಚುಕ್ಕಿ ಒಬ್ಬ ಮುದುಕಿಯ ಮಂಚ, ಉಳಿದ ಮೂರು ಅದನ್ನು ಕದ್ದು ಎಳೆದುಕೊಂಡು ಹೋಗುವ ಕಳ್ಳರು.

"ಆ ಮುದುಕಿ ಏನ್ಮಾಡ್ತಾಳೆ ಪಾಪ?" ಎಂದು ಕೇಳಿದೆ.

"ನಿದ್ದೆ ಮಾಡಂಗಿಲ್ಲ. ಮಾಡಿದ್ರೆ ಮಂಚ ಹೋತು," ಎಂದಳು. ನಗುತ್ತಾ ಹೇಳಿದಳು.

ಧ್ರುವವನ್ನು ತೋರಿಸಿದವಳೂ ಅವಳೇ. ಬಡಗಣ ಗುಡ್ಡದ ಮೇಲೆ, ತೀರ ಕೆಳಗೆ, ಬೆಳಕೇ ಇಲ್ಲದಂಥ ಒಂದು ಚುಕ್ಕಿ. "ಇದೊಂದೇ ನೋಡ್ರಿ ಅಲ್ಲಾಡದೇ ಇರದು. ಬ್ಯಾರೆವೆಲ್ಲ ಜರುಗ್ತಾವೆ." ನಾನು ಬಹಳ ಹೊತ್ತು ಅದನ್ನೇ ನೋಡಿದೆ. ಒಬ್ಬ ಹುಡುಗಿ ತನ್ನ ಮೇಡಂಗೆ ಧ್ರುವ ನಕ್ಷತ್ರ ತೋರಿಸುತ್ತಿದ್ದಾಳೆ, ಮೇಡಂಗೆ ನಾಚಿಕೆಯೂ ಆಗುತ್ತಿದೆ, ಖುಷಿಯೂ ಆಗುತ್ತಿದೆ — ಆ ಖುಷಿ ಸುಳ್ಳಲ್ಲ. ಅದನ್ನಾದರೂ ಹೇಳಲು ಬಿಡಿ. ಇಲ್ಲ, ಬೇಡ. ಆ ಖುಷಿಯಿಂದ ಅವಳಿಗೆ ಏನಾಯಿತು?

ಇಷ್ಟೆಲ್ಲ ನೋಡಲು ನಿನಗೆ ಹೊತ್ತೆಲ್ಲಿ ಸಿಗುತ್ತಿತ್ತು ಎಂದು ಒಂದು ದಿನ ಕೇಳಿದೆ. ಹಟ್ಟಿಯ ಮಕ್ಕಳು ಕತ್ತಲಾದರೆ ಮಲಗುವವರು. ಮುಳುಗುವುದು, ಬೆಳಗಿನ ಜಾವ ಹುಟ್ಟುವುದು — ಇವಳಿಗೆ ಇಡೀ ರಾತ್ರಿಯ ಆಕಾಶ ಗೊತ್ತು. ಅವಳು ಚಿಕ್ಕಮ್ಮ ನಿದ್ದೆ ಮಾಡುತ್ತಿದ್ದಾಳೆಯೇ ಎಂದು ತಿರುಗಿ ನೋಡಿದಳು.

"ಹೊರಗಾದಾಗ, ಮೇಡಂ."

ಮುಟ್ಟಾದಾಗ ಹಟ್ಟಿಯ ಹೆಂಗಸರು ಒಳಗಿರುವಂತಿಲ್ಲ. ಕಳ್ಳೆಮುಳ್ಳಿನ ಬೇಲಿಯ ಆಚೆ ಒಂದು ಗುಡ್ಲು. ಗರಿ ಹೊದಿಸಿದ್ದು, ಬಾಗಿ ಹೋಗಬೇಕು, ಕಾಲು ಚಾಚಿದರೆ ಹೊರಗೆ. ಮೊದಲ ಸಲ ಅಲ್ಲಿ ಮಲಗಿದಾಗ ಅವಳಿಗೆ ಹನ್ನೆರಡು ವರ್ಷ. ನರಿ ಕೂಗಿದರೆ ಅಳು. ಅಜ್ಜಿ ಬಂದು ಹತ್ತು ಮಾರು ದೂರದಲ್ಲಿ ಕಂಬಳಿ ಹೊದ್ದು ಕೂತಳಂತೆ — ಮುಟ್ಟುವಂತಿಲ್ಲವಲ್ಲ. ಅಲ್ಲಿಂದಲೇ, ಹೆದರಬೇಡ ಮಗ, ಮೇಲೆ ನೋಡು, ನಾನು ಹೇಳಿದ್ದನ್ನು ಹುಡುಕು ಎಂದು ಒಂದೊಂದೇ ಚುಕ್ಕಿ ತೋರಿಸಿದಳಂತೆ. ಕೂರಿಗೆ ಹುಣಸೆಮರ ದಾಟಿದರೆ ಅರ್ಧ ರಾತ್ರಿ ಕಳೆಯಿತು. ಚೇಳಿನ ಕೊಂಡಿ ಕಂಡರೆ ಇನ್ನೇನು ಬೆಳಕು ಹರಿಯುತ್ತದೆ. ಹೀಗೆ ಎರಡು ವರ್ಷ, ತಿಂಗಳಿಗೆ ನಾಲ್ಕೈದು ರಾತ್ರಿ.

ಹೇಳಿ ಮುಗಿಸಿ ಅವಳು ನನ್ನ ಕೈ ಹಿಡಿದಳು. ಅಲ್ಲಿಯವರೆಗೆ ಅವಳು ನನ್ನನ್ನು ಮುಟ್ಟಿದವಳಲ್ಲ.

"ಯಾರ್ಗೂ ಹೇಳ್ಬ್ಯಾಡ್ರಿ ಮೇಡಂ. ಕ್ಲಾಸಿನವ್ರು ಆಡ್ಕಂಬ್ತಾರೆ. ನಾ ಹೇಳೀನಂತ ಅಪ್ಪಂಗೆ ಗೊತ್ತಾದ್ರೆ ಸಾಲಿ ಬಿಡಿಸ್ತಾನೆ."

"ಹೇಳಲ್ಲ ಕಣೇ. ನನ್ನಾಣೆ," ಎಂದೆ.

ಸಂಕ್ರಾಂತಿ ಕಳೆದ ವಾರ, ಅವಳು ಹೊರಗಿದ್ದ ಒಂದು ಬೆಳಗಿನ ಜಾವ, ನಾನು ಟಾರ್ಚು ಹಿಡಿದು ಆ ಗುಡ್ಲಿಗೂ ಹೋದೆ. ಚೇಳನ್ನು ನೋಡಬೇಕಿತ್ತು; ಆ ತಿಂಗಳಲ್ಲಿ ಅದು ಕಾಣುವುದು ಐದರ ಹೊತ್ತಿಗೆ. ಮೈ ಕೊರೆಯುವ ಗಾಳಿ. ಅಜ್ಜಿ ದೂರದಲ್ಲಿ ಕಂಬಳಿಯ ಗುಪ್ಪೆಯಾಗಿ ಕೂತಿದ್ದಳು. "ಬ್ಯಾಟ್ರಿ ಆರ್ಸವ್ವ, ಅದರ ಬೆಳಕಿಗೆ ಮೇಲಿಂದು ಏನೂ ಕಾಣಕಿಲ್ಲ," ಎಂದಳು. ಆರಿಸಿ, ಗುಡ್ಲಿನ ಬಾಯಲ್ಲಿ ಓಬಮ್ಮನ ಪಕ್ಕ ನೆಲದ ಮೇಲೆ ಕೂತೆ. ಅಜ್ಜಿ ಬೇಡ ಎನ್ನಲಿಲ್ಲ, ಊರಿಗೆ ಹೋಗಿ ತಲೆಗೆ ನೀರು ಹಾಕಿಕೋ ಎಂದಳು, ಅಷ್ಟೇ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಆಗ್ನೇಯದಲ್ಲಿ ಇಡೀ ಚೇಳು — ತಲೆ, ಕೆಂಪಗೆ ಉರಿಯುವ ಎದೆ, ಬಾಗಿದ ಬಾಲ, ತುದಿಯಲ್ಲಿ ಕೊಂಡಿ. ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ. ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ.

"ಕೂರಿಗೆ ಎಲ್ಲೈತೆ ನೋಡ್ರಿ," ಎಂದಳು ಓಬಮ್ಮ. ಪಡುವಣ ಖಾಲಿಯಿತ್ತು. "ಮುಳುಗ್ತು. ಇದು ಬಂತಂದ್ರೆ ಅದು ಹೋಗ್ತೈತೆ."

ಆ ಅಜ್ಜಿ ಮೊಮ್ಮಗಳನ್ನು ಮುಟ್ಟದೆ ಹತ್ತು ಮಾರು ದೂರದಲ್ಲಿ ಕೂತೇ ಅವಳನ್ನು ಕಾದವಳು, ಓದಿಸಿದವಳು. ನಾನು ಪಕ್ಕದಲ್ಲೇ ಕೂತು, ಅವಳ ಕೈಯನ್ನೂ ಹಿಡಿದು…

ಫೆಬ್ರವರಿಯಲ್ಲಿ ಚಳ್ಳಕೆರೆಯ ಒಂದು ಕಲ್ಯಾಣಮಂಟಪದಲ್ಲಿ ಶಾಲೆಗಳ ವಿಜ್ಞಾನ ಸ್ಪರ್ಧೆ. ಓಬಮ್ಮನನ್ನು ಒಪ್ಪಿಸಿ ಕರೆತಂದೆ. ಕಪ್ಪು ಬಟ್ಟೆಗೆ ಥರ್ಮೋಕೋಲಿನ ಚುಕ್ಕಿಗಳನ್ನು ಚುಚ್ಚಿ ಆಕಾಶ ಮಾಡಿದ್ದೆವು. ಬಟ್ಟೆಯನ್ನು ನಿಧಾನವಾಗಿ ತಿರುಗಿಸುತ್ತಾ, ಯಾವುದು ಯಾವಾಗ ಏಳುತ್ತದೆ, ಹೇಗೆ ಮಲಗಿ ಹುಟ್ಟಿ ನಿಂತು ಮತ್ತೆ ಮಲಗುತ್ತದೆ ಎಂದು ಅವಳು ಹೇಳಿದಳು. ಮೊದಲು ದನಿ ನಡುಗಿತು, ಆಮೇಲೆ ನಡುಗಲಿಲ್ಲ. ಸಭೆ ಸುಮ್ಮನಾಗಿತ್ತು. ಅಷ್ಟೇ ಸಾಕಿತ್ತು! ಆದರೆ ಅವಳಿಗಿಂತ ಮೊದಲು ಚಿತ್ರದುರ್ಗದ ಒಂದು ದೊಡ್ಡ ಶಾಲೆಯ ಮಕ್ಕಳು ಮೋಟಾರು ಹಾಕಿ ತಿರುಗುವ ಗೋಳ ತಂದಿದ್ದರು. ತೀರ್ಪುಗಾರರ ಕಣ್ಣು ಆ ಕಡೆಯೇ ಹೋಗುತ್ತಿದ್ದುದನ್ನು ನಾನು ನೋಡುತ್ತಿದ್ದೆ.

ತೀರ್ಪುಗಾರರಲ್ಲಿ ಒಬ್ಬರು, ವಯಸ್ಸಾದವರು, ಮೆಚ್ಚಿಕೆಯಿಂದಲೇ ಕೇಳಿದರು: "ಇದನ್ನೆಲ್ಲ ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮಜ್ಜಿ, ಸಾರ್."

"ಭೇಷ್. ಎಲ್ಲಿ ಕೂತ್ಕೊಂಡು ಕಲಿತೆ?"

ಓಬಮ್ಮ ನನ್ನ ಕಡೆ ನೋಡಿದಳು. ಹೇಳಲೇ ಎಂದು ಕೇಳುವ ನೋಟವಲ್ಲ ಅದು. ಹೇಳಬೇಡಿ ಎನ್ನುವ ನೋಟ. ತಪ್ಪು ತಿಳಿಯುವ ಸಾಧ್ಯತೆಯೇ ಇರಲಿಲ್ಲ. ಮನೆ ಮುಂದೆ, ಹೊಲದಲ್ಲಿ, ಕುರಿಹಟ್ಟಿಯಲ್ಲಿ — ಏನನ್ನಾದರೂ ಹೇಳಿ ನಾನು ಅವಳನ್ನು ಉಳಿಸಬಹುದಿತ್ತು.

"ನಾನ್ ಹೇಳ್ತೀನಿ ಸಾರ್," ಎಂದೆ. ಮೈಕು ತೆಗೆದುಕೊಂಡೆ.

ಎಷ್ಟು ಚೆನ್ನಾಗಿ ಹೇಳಿದೆ! ಗುಡ್ಲು, ಗರಿ, ನರಿ, ಹನ್ನೆರಡು ವರ್ಷದ ಮಗು, ಮುಟ್ಟು — ಎಲ್ಲವನ್ನೂ ಹೇಳಿದೆ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಗಂಟಲು ಕಟ್ಟಬೇಕೋ ಅಲ್ಲಿ ಕಟ್ಟಿಸಿಕೊಂಡು ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಹೆಂಗಸರು ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನ ಹುಡುಗರು ಮುಟ್ಟು ಎಂಬ ಮಾತಿಗೆ ಕಿಸಕ್ಕನೆ ನಕ್ಕದ್ದೂ ಕೇಳಿಸಿತು. ನಿಲ್ಲಿಸಲಿಲ್ಲ. ಚಪ್ಪಾಳೆ ಬಿತ್ತು, ಬಹಳ ಹೊತ್ತು. ಮೊದಲ ಬಹುಮಾನ ನಮಗೇ. ನನಗೆ ಶಾಲು ಹೊದಿಸಿದರು. ಓಬಮ್ಮ ಬಟ್ಟೆಯ ಪಕ್ಕ ನಿಂತೇ ಇದ್ದಳು, ಎರಡು ಕೈಯಲ್ಲೂ ಲಂಗವನ್ನು ಹಿಡಿದುಕೊಂಡು. ಕಲೆಯಾಗಿದೆಯೇನೋ ಎಂದು ಹೆದರಿದ ಹುಡುಗಿಯರು ಹಿಡಿದುಕೊಳ್ಳುವ ಹಾಗೆ.

ಹೊರಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ ಮಾತು. "ಹೇಳಲ್ಲ ಅಂದಿದ್ರಲ್ಲ ಮೇಡಂ."

"ನಿನ್ನ ಒಳ್ಳೇದಕ್ಕೇ ಹೇಳಿದ್ದು," ಎಂದೆ.

ಈ ಮಾತಿನಷ್ಟು ನನ್ನಲ್ಲಿ ಹೇಸಿಗೆ ಹುಟ್ಟಿಸುವ ಮಾತು ಬೇರೆ ಇಲ್ಲ. ಈಗ ಯಾರಾದರೂ ಅದನ್ನು ಆಡಿದರೆ, ಯಾರಿಗೇ ಆಡಲಿ, ಎದ್ದು ಹೋಗುತ್ತೇನೆ.

ಅವಳನ್ನು ಇನ್ನೊಬ್ಬ ಮೇಷ್ಟ್ರ ಜೊತೆ ಊರಿನ ಬಸ್ಸಿಗೆ ಹತ್ತಿಸಿ ನಾನು ಮನೆಗೆ ನಡೆದೆ. ಶನಿವಾರವಾಗಿತ್ತು. ಇಲ್ಲಿಯವರೆಗಿನದನ್ನು ಎಂದಾದರೊಂದು ದಿನ ಬರೆಯುತ್ತಿದ್ದೆನೇನೋ. ಮುಂದಿನದನ್ನು ನಾನು ಯಾರಿಗೂ, ಎಂದಿಗೂ ಹೇಳುವವಳಿರಲಿಲ್ಲ.

ಬಾಗಿಲಲ್ಲಿ ಅತ್ತೆ ಶಾಲು ನೋಡಿ ಹಿಗ್ಗಿದರು. ಒಳಗೆ ಕಾಲಿಡುವ ಮುಂಚೆ ನಾನೇ ಮೆಲ್ಲಗೆ ಹೇಳಿದೆ: "ಹೊರಗಾಗೀನಿ ಅತ್ತೆ." ಮಧ್ಯಾಹ್ನವೇ ಆಗಿತ್ತು — ಆ ಮೈಕು ಹಿಡಿಯುವ ಸ್ವಲ್ಪ ಮುಂಚೆ. ಅತ್ತೆ ಪಕ್ಕಕ್ಕೆ ಸರಿದರು. ನಾನು ಮನೆಯ ಸುತ್ತ ಬಳಸಿಕೊಂಡು ಹಿತ್ತಲಿನ ಕೋಣೆಗೆ ಹೋದೆ. ಸಿಮೆಂಟ್ ಶೀಟಿನ ಮಾಡು, ಶೇಂಗಾದ ಖಾಲಿ ಚೀಲಗಳು, ಒಂದು ಚಾಪೆ, ಒಂದು ಹೊದಿಕೆ. ಮದುವೆಯಾದ ದಿನದಿಂದ ಪ್ರತಿ ತಿಂಗಳು ಮನೆಯಲ್ಲಿದ್ದರೆ ಮೂರು ದಿನ ನಾನು ಅಲ್ಲಿಯೇ. ನಮ್ಮಲ್ಲಿ ಮೈಲಿಗೆ, ಸೂತಕ ಏನೂ ಇಲ್ಲ ಎಂದು ಮಾವನವರು ಸಭೆಗಳಲ್ಲಿ ಭಾಷಣ ಮಾಡುತ್ತಿದ್ದರು. ಅವರ ಊಟದ ಹೊತ್ತಿಗೆ ನಾನು ಕಣ್ಣಿಗೆ ಬೀಳದಂತೆ ಅತ್ತೆ ನೋಡಿಕೊಳ್ಳುತ್ತಿದ್ದರು.

ಅವತ್ತು ಆ ಚಾಪೆಯ ಮೇಲೆ ಬಿದ್ದುಕೊಂಡು ನಾನು ಏನು ಯೋಚಿಸಿದೆ ಗೊತ್ತೇ? ಸೋಮವಾರದ ಪೇಪರಿನಲ್ಲಿ ಫೋಟೋ ಬರಬಹುದೇ ಎಂದು. ಓಬಮ್ಮ ಗುಡ್ಲಿನ ವಿಷಯ ಹೇಳಿದ ರಾತ್ರಿಯೂ, ಪಕ್ಕದಲ್ಲಿ ಕೂತ ಬೆಳಗಿನ ಜಾವವೂ, ನನಗೂ ಹಾಗೇ ಕಣೇ ಎಂಬ ಒಂದು ಮಾತು ನನ್ನ ಬಾಯಿಗೆ ಬಂದಿರಲಿಲ್ಲ. ಅಯ್ಯೋ ಪಾಪ ಎಂದಿದ್ದೆ! ನನ್ನದು ಮನೆತನದ ಮಾತು, ಅವಳದು ಮೈಕಿನಲ್ಲಿ ಹೇಳಬಹುದಾದ ಮಾತು. ಹಟ್ಟಿಯವರ ಮರ್ಯಾದೆ ನನ್ನ ಕೈಗೆ ಸಿಕ್ಕಿತ್ತು, ಬಳಸಿಕೊಂಡೆ.

ಫೋಟೋ ಬಂತು. ಹುಡುಗಿಯ ಹೆಸರು, ಊರು, ಹಟ್ಟಿ, ಎಲ್ಲ ಬಂತು. ಎರಡು ದಿನದಲ್ಲಿ ಹಟ್ಟಿಗೆ ಅಧಿಕಾರಿಗಳ ಜೀಪುಗಳು ಹೋದವು. ಗುಡ್ಲನ್ನು ಕಿತ್ತು, ಅದರ ಮುಂದೆ ನಿಂತು ಇನ್ನಷ್ಟು ಫೋಟೋ ತೆಗೆಸಿಕೊಂಡು, ಹಟ್ಟಿಯ ಹಿರಿಯರನ್ನು ನಿಲ್ಲಿಸಿಕೊಂಡು ಬೈದು ಹೋದರು. ಮುರಿದ ದಿನ ಅಲ್ಲಿ ಒಬ್ಬ ಬಾಣಂತಿ ಕೂಸಿನ ಜೊತೆ ಇದ್ದಳಂತೆ; ಅವಳನ್ನು ಬಿಸಿಲಲ್ಲಿ ಮರದ ಕೆಳಗೆ ಕೂರಿಸಿದರಂತೆ. ವಾರದೊಳಗೆ ಹಟ್ಟಿಯವರು ಇನ್ನೊಂದು ಗುಡ್ಲು ಹಾಕಿದರು. ಈ ಸಲ ಗುಡ್ಡದ ಹಿಂದೆ, ರಸ್ತೆಗೆ ಕಾಣದ ಜಾಗದಲ್ಲಿ.

ಓಬಮ್ಮ ಶಾಲೆಗೆ ಬರಲಿಲ್ಲ. ನಾನು ಒಂದು ಸಲ ಹೋದೆ. ಅವಳವ್ವ ಬೇಲಿಯ ಹತ್ತಿರವೇ ತಡೆದಳು.

"ನಿಮ್ಮ ಕಾಲಿಗೆ ಬೀಳ್ತೀನಿ ಮೇಡಂ, ಇನ್ನೊಂದ್ಸಲ ಬರ್ಬ್ಯಾಡ್ರಿ. ಹುಡುಗಿ ಹೆಸ್ರು ಊರೂರಿಗೂ ಮುಟ್ಟೈತೆ. ಯಾರ್ ಮಾಡ್ಕಂಬ್ತಾರೆ ಇವಳ್ನ?"

ಜಗಳವಾಡಬಹುದಿತ್ತು, ಕಾಲಿಗೆ ಬೀಳಬಹುದಿತ್ತು, ದಿನಾ ಹೋಗಿ ನಿಲ್ಲಬಹುದಿತ್ತು. ಸಂಜೆಯ ಬಸ್ಸಿಗೆ ಹೊತ್ತಾಗುತ್ತದೆ ಎಂದು ತಿರುಗಿ ಬಂದೆ. ಮರುವರ್ಷ ಅವಳನ್ನು ರಾಯದುರ್ಗದ ಕಡೆ ಕೊಟ್ಟರೆಂದು ಕೇಳಿದೆ. ಹದಿನಾರೂ ತುಂಬಿರಲಿಲ್ಲ. ನನಗೆ ಅಷ್ಟರಲ್ಲಿ ಮೆಚ್ಚುಗೆಯ ಪತ್ರ ಬಂದಿತ್ತು, ಚಳ್ಳಕೆರೆಗೇ ವರ್ಗವೂ ಆಗಿತ್ತು.

ಆಮೇಲೆ ನಾನು ನಕ್ಷತ್ರದ ಮೇಡಂ ಆದೆ! ವರವು ಕಾವಲಿನ ಹುಲ್ಲುಬಯಲಿನ ಅಂಚಿನಲ್ಲಿ, ಇನ್ನೂ ಅಷ್ಟು ದೀಪಗಳಿರದ ಕಾಲದಲ್ಲಿ, ಮಕ್ಕಳನ್ನು ಕರೆದುಕೊಂಡು ಹೋಗಿ ಆಕಾಶ ತೋರಿಸುತ್ತಿದ್ದೆ. ಕೂರಿಗೆ, ಕೋಳಿಮರಿ, ಮುದುಕಿಯ ಮಂಚ — ಜಾನಪದ ಹೆಸರುಗಳು ಎಂದು ಹೇಳುತ್ತಿದ್ದೆ. ಜನಪದರಿಗೆ ಹೆಸರಿಲ್ಲವಲ್ಲ, ಅನುಕೂಲ. ಟಾರ್ಚು ಆರಿಸಿ ಮಕ್ಕಳೇ, ಅದರ ಬೆಳಕಿಗೆ ಮೇಲಿನದು ಕಾಣುವುದಿಲ್ಲ ಎಂದೂ ಹೇಳುತ್ತಿದ್ದೆ. ಆ ಮಾತು ಕೂಡ ನನ್ನದಲ್ಲ.

ಹೋದ ವರ್ಷ, ನೆಂಟರ ಮದುವೆಗೆ ಸೀರೆ ತರಲು ಮೊಳಕಾಲ್ಮೂರಿಗೆ ಹೋಗಿದ್ದೆ. ಅಂಗಡಿಯವರು ಮಗ್ಗದ ಮೇಲಿದ್ದುದನ್ನು ತೋರಿಸಲು ಹಿಂದಿನ ಮನೆಗೆ ಕರೆದೊಯ್ದರು. ಮೂಲೆಯಲ್ಲಿ ರಾಟೆಯ ಮುಂದೆ ಕೂತು ಒಬ್ಬಳು ಕಂಡಿಗೆಗೆ ರೇಷ್ಮೆ ಸುತ್ತುತ್ತಿದ್ದಳು. ತಲೆ ಎತ್ತಿದಳು. ಮೊದಲು ಗುರುತು ಹಿಡಿದವಳು ಅವಳೇ.

"ಗಿರಿಜಾ ಮೇಡಂ ಅಲ್ವಾ?"

ಗಂಡ ತೀರಿಕೊಂಡು ಐದು ವರ್ಷ. ಮಗಳ ಜೊತೆ ಇಲ್ಲೇ ಬಾಡಿಗೆ ಮನೆಯಲ್ಲಿದ್ದಾಳೆ. ಮಗಳು ಒಂಬತ್ತನೇ ಕ್ಲಾಸು. ಅವಳು ಕೆಲಸ ನಿಲ್ಲಿಸಲಿಲ್ಲ, ನಾನು ಪಕ್ಕದಲ್ಲಿ ಕೂತೆ. ಎಷ್ಟೋ ವರ್ಷ ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದ ಮಾತುಗಳೆಲ್ಲ ಹಾರಿಹೋದವು. ನಿನಗೆ ಅನ್ಯಾಯ ಮಾಡಿದೆ ಎಂದೆ. ಅವಳು ರಾಟೆ ತಿರುಗಿಸುತ್ತಲೇ ಹೇಳಿದಳು.

"ಗುಡ್ಲು ಕಿತ್ತಿದ್ದಕ್ಕೆ ನಂಗೇನ್ ಬ್ಯಾಜಾರಿಲ್ಲ ಮೇಡಂ. ಅದು ಕೀಳೋ ಅಂಥದ್ದೇ. ನನ್ನ ಮಗಳನ್ನ ನಾನೆಲ್ಲೂ ಹೊರಗೆ ಕೂರಿಸಿಲ್ಲ. ಆದ್ರೆ ಅದನ್ನ ಹೇಳೋಳು ನಾನಾಗ್ಬೇಕಿತ್ತು. ಯಾವತ್ತೋ ಒಂದಿನ ನಾನೇ ಹೇಳ್ತಿದ್ದೆ."

ಹರಿದ ಎಳೆಗೆ ಗಂಟು ಹಾಕುತ್ತಾ ಹೇಳಿದಳು: "ಹೊಸ ಗುಡ್ಲು ದೂರ ಆತಲ್ಲ. ಅಜ್ಜಿಗೆ ಅಷ್ಟು ದೂರ ನಡಿಯಾಕ್ ಆಗ್ಲಿಲ್ಲ. ಮದುವಿ ಆಗೋವರ್ಗೂ ಒಬ್ಬಳೇ ಮಲಗಿದೆ. ಆಮ್ಯಾಲೆ ನಾನು ಮ್ಯಾಲೆ ನೋಡ್ಲೇ ಇಲ್ಲ ಮೇಡಂ. ಗೋಡಿ ಕಡೆ ಮಖ ಮಾಡ್ಕಂಡು ಮಲಗ್ತಿದ್ದೆ. ಕೂರಿಗೆ ಕಂಡ್ರೆ ಆ ಮಂಟಪದ ಜನ ಎಲ್ಲಾ ನನ್ನ ನೋಡಿದ್ದೇ ನೆನಪಾಗದು."

ಅವಳ ಆಕಾಶ. ಅಜ್ಜಿ ಅವಳಿಗೆ ಕೊಟ್ಟ ಒಂದೇ ಒಂದು — ನನಗೆ ಈ ವಾಕ್ಯ ಮುಗಿಸಲು ಬರುವುದಿಲ್ಲ.

ಆಗಲೇ ನನ್ನ ಹಿತ್ತಲಿನ ಕೋಣೆಯ ವಿಷಯ ಹೇಳಿದೆ. ಅವತ್ತು ಮೈಕು ಹಿಡಿದಾಗ ನಾನೂ ಹೊರಗಾಗಿದ್ದೆ ಎಂದೆ. ರಾಟೆ ನಿಂತಿತು. ಅವಳು ನನ್ನನ್ನು ನೋಡಿದ ರೀತಿಯನ್ನು ವರ್ಣಿಸಲಾರೆ. ಮೋಸ ಮಾಡಿದವಳನ್ನು ನೋಡುವ ಹಾಗೆ ಅಂತೂ ಅಲ್ಲ, ಅದಾದರೆ ತಡೆದುಕೊಳ್ಳುತ್ತಿದ್ದೆ.

"ಮತ್ತೆ ನನ್ನ ಪಕ್ಕ ಕೂತ್ಕಂಡು ಒಂದ್ ಮಾತು ಹೇಳ್ಲಿಲ್ವಲ್ರಿ," ಎಂದಳು. "ಹೇಳಿದ್ರೆ ನಂಗೆಷ್ಟು ಧೈರ್ಯ ಬರ್ತಿತ್ತು."

ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ಈ ಸಲ ಕೇಳಿದೆ.

"ಬರೀರಿ. ಮೊದ್ಲು ನಿಮ್ಮನೇದು ಬರೀರಿ, ನಿಮ್ಮ ಹೆಸ್ರು ಹಾಕಿ. ನನ್ನ ಹೆಸ್ರು ಬ್ಯಾಡ." ಮತ್ತೆ ರಾಟೆ ತಿರುಗಿಸಿದಳು. ನಾನು ಎದ್ದು ಬಂದೆ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನೂ ಕೇಳಲಿಲ್ಲ.

ನಮ್ಮ ಮನೆಯದನ್ನು ಇನ್ನೂ ಪೂರ್ತಿ ಬರೆದಿಲ್ಲ. ಅತ್ತೆ ತೀರಿಕೊಂಡು ಹನ್ನೊಂದು ವರ್ಷ. ಮಾವನವರು ಅದಕ್ಕೂ ಮುಂಚೆಯೇ ಹೋದರು. ಹಿತ್ತಲಿನ ಕೋಣೆಗೆ ಬೀಗ ಹಾಕಲು ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಐದು ವರ್ಷದ ಹಿಂದೆ ಮಗನಿಗೆ ಮದುವೆಯಾಯಿತು. ಸೊಸೆ ಸುಮಾ ದಾವಣಗೆರೆಯವಳು, ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೊದಲ ತಿಂಗಳು ಅವಳು ಬಂದು, "ಅತ್ತೆ, ಇಲ್ಲಿ ಹೆಂಗೆ?" ಎಂದು ಕೇಳಿದಳು. ಒಂದು ಮಾತು, ಏನೂ ಇಲ್ಲಮ್ಮ ಎಂಬ ಒಂದು ಮಾತು ಸಾಕಿತ್ತು. ನಾನು ಹಿತ್ತಲಿನ ಬಾಗಿಲ ಕಡೆ ನೋಡಿದೆ. ಅವಳಿಗೆ ಅರ್ಥವಾಯಿತು. ಆ ರಾತ್ರಿ ಊಟದ ತಟ್ಟೆಯನ್ನು ಹೊಸ್ತಿಲಿನಿಂದ ಒಳಕ್ಕೆ ನೂಕಿದೆ. ನಾಲ್ಕು ವರ್ಷ ನೂಕಿದೆ. ಅದೇ ವರ್ಷಗಳಲ್ಲಿ ಶಾಲೆಗಳಿಗೆ ಹೋಗಿ, ಗುಡ್ಲಿನಲ್ಲಿ ಆಕಾಶ ಕಲಿತ ಒಬ್ಬ ಹುಡುಗಿಯ ಕಥೆಯನ್ನೂ ಹೇಳುತ್ತಿದ್ದೆ.

ಮೊಳಕಾಲ್ಮೂರಿನಿಂದ ಬಂದ ಸಂಜೆ ಚಾಪೆ, ಹೊದಿಕೆ ಎಲ್ಲವನ್ನೂ ಹೊರಗೆಸೆದೆ. ಸುಮಾ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಒಳಗೆ ಹೋದಳು. ಯಾಕೆ ಕೇಳಬೇಕು? ನಾನು ಬಾಗಿಲು ತೆಗೆದದ್ದು ಅವಳ ನಾಲ್ಕು ವರ್ಷ ಮುಗಿದ ಮೇಲೆ.

ನಿನ್ನೆ ಈ ಬರಹವನ್ನು ಅವಳ ಕೈಗೆ ಕೊಟ್ಟೆ. ಅವಳ ಹೆಸರೂ ಇದರಲ್ಲಿದೆ, ಇರಲಿಯೇ ಬೇಡವೇ ಎಂದು ಕೇಳಬೇಕಿತ್ತು. ಅಡುಗೆಮನೆಯಲ್ಲಿ ನಿಂತೇ ಪೂರ್ತಿ ಓದಿದಳು. ಒಲೆಯ ಮೇಲೆ ಹಾಲು ಉಕ್ಕಲು ಬಂದದ್ದನ್ನು ನಾನು ಇಳಿಸಿದೆ. ಹೆಸರು ಇರಲಿ ಎಂದಳು. ಆಮೇಲೆ ಕೊನೆಯ ಹಾಳೆಯಲ್ಲಿ ಒಂದು ಕಡೆ ಬೆರಳಿಟ್ಟಳು.

"ಇಲ್ಲಿ ತಟ್ಟೆ ಕೊಟ್ಟೆ ಅಂತ ಬರ್ದಿದ್ದೀರಿ ಅತ್ತೆ. ನೀವ್ ಕೊಡ್ಲಿಲ್ಲ. ಕಾಲಲ್ಲಿ ಅಲ್ಲ ಅಷ್ಟೆ, ಕೈಯಲ್ಲೇ, ಆದ್ರೆ ನೂಕಿದ್ರಿ."

ಪೆನ್ನು ಕೇಳಿದೆ. ಅವಳೇ ತಂದುಕೊಟ್ಟಳು. ಅವಳ ಎದುರಿಗೇ ತಿದ್ದಿದೆ.